ನಾಲ್ಕನೇ ಪುಟದ ಬದಲಿ ಹಾಳೆ

ಜನವರಿ 9

ಗುಬ್ಬಿ,

ನೀನು ಕಳಿಸಿದ ಹನ್ನೊಂದು ಹಾಳೆ ಬಂದವು. ಮೊದಲನೇ ಪುಟಕ್ಕೇ ನನ್ನ ತಲೆ ಕೆಟ್ಟಿತು. ‘ಕ್ಯಾಶೆ ತೆರವಿಗೆ ಸಮಗ್ರ ಪರಿಹಾರ’ ಅಂತೆ. ಏನನ್ನು ತೆರವು ಮಾಡುತ್ತೀಯೆ, ಎಲ್ಲಿಂದ, ಯಾಕೆ, ಒಂದೂ ಇಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದನ್ನೆಲ್ಲ ಯಾಕೆ ಕಳಿಸಿದಳು ಇವಳು ಅಂತ ಬೈದುಕೊಂಡೆ. ಆಮೇಲೆ ಜೊತೆಗಿದ್ದ ಚೀಟಿ ಕಂಡಿತು: ‘ದೊಡ್ಡಪ್ಪಾ, ನಿಮಗೆ ಅರ್ಥವಾದರೆ ಲೋಕಕ್ಕೆಲ್ಲ ಅರ್ಥವಾಗುತ್ತದೆ.’ ಇದು ಹೊಗಳಿಕೆಯೋ ಬೈಗುಳವೋ ಅಂತ ಗಿಡ್ಡನನ್ನು ಕೇಳಿದೆ.

“ಬೈಗುಳಾನೇ ಕಣೋ. ಆದ್ರೂ ಓದು. ನಿಂಗೇನು ಬೇರೆ ಕೆಲಸ ಇದ್ಯಾ?” ಅಂದ.

ಅವನು ಈಗ ದಿನಾ ಬೆಳಿಗ್ಗೆ ಇಲ್ಲಿಗೇ ಬರುತ್ತಾನೆ. ಮೂವತ್ತೊಂದು ವರ್ಷ ನನ್ನ ಜೊತೆ ಲಿಫ್ಟು ರಿಪೇರಿ ಮಾಡಿದವನ ಶ್ವಾಸಕೋಶ ಈಗ ನಾಲ್ಕು ಮೆಟ್ಟಿಲಿಗೂ ಸಾಲುವುದಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹೇಳುತ್ತಾನೆ, ನಾನು ಒಂದು ಬೆರಳಲ್ಲಿ ಟೈಪು ಮಾಡುತ್ತೇನೆ. ನೀನು ಹೋದ ವರ್ಷ ನನ್ನ ಕಂಪ್ಯೂಟರ್ ಯಂತ್ರಕ್ಕೆ ಹಾಕಿಕೊಟ್ಟೆಯಲ್ಲ, ಪ್ರೋಗ್ರಾಂ ಬರೆಯುವ ಎಐ ಏಜೆಂಟು, ಅದು ನಮ್ಮಿಬ್ಬರ ಮಾತು ಓದಿಕೊಂಡು ಪ್ರೋಗ್ರಾಂ ಕಟ್ಟುತ್ತಿದೆ. ಲಿಫ್ಟಿನ ದೋಷ ಏನು ಅಂತ ಕೊಟ್ಟರೆ ಎಲ್ಲಿ ಕೈಯಿಡಬೇಕು ಅಂತ ಅದು ಹೇಳಬೇಕು. ಟಕ್ ಟಕ್ ಅಂತ ತಾವಾಗಿ ಬಡಿಯುವ ರಿಲೇ ಸ್ವಿಚ್ಚುಗಳ ಪೆಟ್ಟಿಗೆಯಿರುವ ಆ ಹಳೆ ಲಿಫ್ಟುಗಳು ಈ ಊರಲ್ಲಿ ಇನ್ನೂ ಒಂಬತ್ತು ಓಡುತ್ತಿವೆ. ಒಂದು ಆಸ್ಪತ್ರೆಯಲ್ಲೇ ಇದೆ. ಅವುಗಳ ಹೊಟ್ಟೆಯೊಳಗಿನದು ಗೊತ್ತಿರುವವರು ನಾವಿಬ್ಬರೇ. ಅದರಲ್ಲೂ ಗಿಡ್ಡನಿಗೆ ಗೊತ್ತಿರುವುದರಲ್ಲಿ ಅರ್ಧವೂ ನನಗೆ ಗೊತ್ತಿಲ್ಲ.

ಕೆಂಪು ಪೆನ್ಸಿಲಿನಲ್ಲಿ ಗೀಚಿ ಹಾಳೆ ವಾಪಸು ಕಳಿಸಿದ್ದೇನೆ. ಫೋನು ಮಾಡಬೇಡ. ಮೋಟಾರು ಕೋಣೆಗಳು ನನ್ನ ಕಿವಿ ತಿಂದುಹಾಕಿವೆ, ನೀನು ಕಿರುಚುವುದು, ನಾನು ‘ಆಂ?’ ಅನ್ನುವುದು, ಇಬ್ಬರಿಗೂ ಹಿಂಸೆ. ಬರೆ.

ನಿನ್ನ ದೊಡ್ಡಪ್ಪ


ಜನವರಿ 20

ಪ್ರೀತಿಯ ದೊಡ್ಡಪ್ಪಾ,

ನಿಮ್ಮ ಕೆಂಪು ಪೆನ್ಸಿಲು ನೋಡಿ ನನ್ನ ಪಕ್ಕದ ಮೇಜಿನವಳು, “ಇದೇನೇ, ಹಾಳೆಗೆ ಗಾಯ ಆಗಿದೆ” ಅಂದಳು. ಮೂರನೇ ಪುಟದಲ್ಲಿ ನೀವು ‘ಇದನ್ನು ಬರೆದ ಕತ್ತೆ ಯಾರು’ ಎಂದು ಬರೆದಿದ್ದೀರಿ. ನಾನೇ.

ಸರಿ, ಕತ್ತೆ ಮತ್ತೊಮ್ಮೆ ಹೇಳುತ್ತಾಳೆ. ಏಜೆಂಟು ಕೆಲಸ ಮಾಡುವಾಗ ಮತ್ತೆ ಮತ್ತೆ ಬೇಕಾಗುವುದನ್ನು ಪಕ್ಕದಲ್ಲಿ ರಾಶಿ ಹಾಕಿಕೊಳ್ಳುತ್ತದೆ. ಆ ರಾಶಿಯೇ ಕ್ಯಾಶೆ. ಬಿಸಾಡಿದರೆ ನಷ್ಟವಿಲ್ಲ, ಬೇಕಾದಾಗ ಹೊಸದಾಗಿ ತಂದುಕೊಳ್ಳುತ್ತದೆ. ಬಿಸಾಡದಿದ್ದರೆ ಡಿಸ್ಕು ತುಂಬಿ ಯಂತ್ರ ಏದುಸಿರು ಬಿಡುತ್ತದೆ. ಆ ರಾಶಿಯನ್ನು ಗುಡಿಸಲು ನಮ್ಮವರು ಮಾಡಿದ ಟೂಲಿಗೆ ‘ಪೊರಕೆ’ ಎಂದು ಹೆಸರು. ಪರೀಕ್ಷೆಗೆಂದು ಅದನ್ನು ನಿಮ್ಮ ಯಂತ್ರಕ್ಕೂ ಕಳಿಸಿದ್ದೇನೆ. ‘ಪೊರಕೆ ನೋಡು’ ಎಂದು ಟೈಪು ಮಾಡಿದರೆ ಏನೇನು ಹೋಗುತ್ತದೆ ಎಂದು ತೋರಿಸುತ್ತದೆ. ‘ಪೊರಕೆ ಗುಡಿಸು’ ಎಂದರೆ ಗುಡಿಸುತ್ತದೆ. ಅದರ ಕೈಪಿಡಿ ಬರೆಯುವುದು ನನ್ನ ಕೆಲಸ. ಇದು ಚೆನ್ನಾಗಿ ಬಂದರೆ ಕೆಲಸ ಖಾಯಂ ಮಾಡುತ್ತಾರಂತೆ.

ತಿದ್ದಿ ಬರೆದ ಹನ್ನೊಂದು ಹಾಳೆ ಇದರ ಜೊತೆಗಿವೆ. ಒಂದೇ ಒಂದು ಷರತ್ತು, ದೊಡ್ಡಪ್ಪಾ. ಕಾಗದ ಏನು ಹೇಳುತ್ತದೋ ಅದನ್ನೇ ಮಾಡಿ. ನಿಮ್ಮ ಬುದ್ಧಿ ಸೇರಿಸಬೇಡಿ. ನಿಮಗೆ ಮೊದಲೇ ಏನಾದರೂ ಗೊತ್ತಿದ್ದರೆ ಅದನ್ನು ಮರೆತು ಓದಿ. ಕಾಗದದಲ್ಲಿ ಇಲ್ಲದ್ದನ್ನು ನೀವು ತುಂಬಿಕೊಂಡರೆ, ತುಂಬಿಕೊಳ್ಳಲಾಗದ ಬೇರೆಯವರು ಎಡವುತ್ತಾರೆ.

ಗಿಡ್ಡ ಮಾಮನಿಗೆ ನನ್ನ ನೆನಪು ಹೇಳಿ.

ನಿಮ್ಮ ಗುಬ್ಬಿ


ಫೆಬ್ರವರಿ 2

ಗುಬ್ಬಿ,

ನಿನ್ನ ಷರತ್ತು ಒಪ್ಪಿದೆ. ಆದರೆ ಗುಂಡಿ ಒತ್ತುವ ಮೊದಲು ಮುಚ್ಚಳ ತೆಗೆದು ನೋಡುವುದು ನನ್ನ ಚಾಳಿ. ಅದನ್ನು ಬಿಡಲಾರೆ.

‘ಪೊರಕೆ ನೋಡು’ ಮಾಡಿದೆ. ಪಟ್ಟಿ ಬಂತು. ಒಂದಾದರೂ ಮನುಷ್ಯರ ಹೆಸರೇ? ಬರೀ ಅಕ್ಷರ, ಅಂಕಿ, ಅಡ್ಡಗೆರೆ. ನಂಬಿಕೆ ಸಾಲದೆ ಒಂದೊಂದೇ ಫೋಲ್ಡರು ತೆರೆದು ನೋಡಿದೆ. ನೋಡಿದರೆ, ನಾವು ಏಜೆಂಟಿನ ಜೊತೆ ಆಡಿದ ಮಾತೆಲ್ಲ ಆ ಕಸದ ಜೊತೆಯೇ ಬಿದ್ದಿದೆ! ಗಿಡ್ಡ ಹೇಳಿದ್ದು ಪೂರ್ತಿ. ಇವತ್ತು ಬೆಳಿಗ್ಗೆ ಹೇಳಿದ್ದೂ.

ಇವತ್ತು ಏನು ಹೇಳಿದ ಗೊತ್ತೇ? ಪೆಟ್ಟಿಗೆಯ ಸದ್ದು. ಯಾವ ರಿಲೇ ಸೋತಿದೆ ಅನ್ನುವುದನ್ನು ಅವನು ಕಣ್ಣಲ್ಲಿ ನೋಡುತ್ತಲೇ ಇರಲಿಲ್ಲ, ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ. ನಾಲಿಗೆಯಲ್ಲಿ ಸದ್ದು ಮಾಡಿ ತೋರಿಸಿದ. “ಟಕ್, ಟಟಕ್. ಆಮೇಲೆ ಒಂದು ಉಸಿರು ಬಿಟ್ಟು ಟಕ್. ಬರ್ಕೊಂಡ್ಯಾ? ಉಸಿರು ಅಂತ ಬರಿ, ಸೆಕೆಂಡು ಅಂತ ಬರೀಬೇಡ. ಮತ್ತೆ, ನನ್ನ ಉಸಿರಲ್ಲ, ನಿಂದು. ನಂದು ಈಗ ಲೆಕ್ಕಕ್ಕಿಲ್ಲ.” ಹಾಗೆಯೇ ಬರೆದುಕೊಂಡೆ. ಇಂಥವು ನಲವತ್ತಕ್ಕೂ ಹೆಚ್ಚಿವೆ. ಪ್ರೋಗ್ರಾಮಿನೊಳಗೆ ಇನ್ನೂ ಒಂದೂ ಸೇರಿಲ್ಲ. ಮಾತಾಗಿಯೇ ಇವೆ.

ಮತ್ತೆ ತಂದುಕೊಳ್ಳಬಹುದಾದ ರಾಶಿ ಅಂದೆಯಲ್ಲ, ಇದನ್ನು ಎಲ್ಲಿಂದ ತರುತ್ತದೆ ನಿನ್ನ ಏಜೆಂಟು? ಕಸದ ಜೊತೆ ಮಾತನ್ನು ಇಟ್ಟ ಪುಣ್ಯಾತ್ಮ ಯಾರು? ನಾಲ್ಕನೇ ಪುಟದಲ್ಲಿ, ಗುಡಿಸು ಅನ್ನುವ ಮೊದಲೇ, ದಪ್ಪ ಅಕ್ಷರದಲ್ಲಿ ಬರೆ. ಬರೆಯದಿದ್ದರೆ ನಾನು ಅಲ್ಲಿಗೇ ಬಂದು ನಿಮ್ಮ ಆಫೀಸಿನ ಗೋಡೆಯ ಮೇಲೆ ಬರೆಯುತ್ತೇನೆ.

ದೊಡ್ಡಪ್ಪ


ಫೆಬ್ರವರಿ 11

ದೊಡ್ಡಪ್ಪಾ,

ಇಡೀ ಆಫೀಸಿನಲ್ಲಿ ಯಾರ ಕಣ್ಣಿಗೂ ಬೀಳದ್ದು ನಿಮ್ಮ ಕಣ್ಣಿಗೆ ಬಿತ್ತು. ಟೂಲು ಕಟ್ಟುವವರಿಗೆ ಹೇಳಿದೆ. ಮಾತುಕತೆಯನ್ನು ಬೇರೆ ಜಾಗಕ್ಕೆ ಸಾಗಿಸುತ್ತೇವೆ, ಆದರೆ ಸ್ವಲ್ಪ ಸಮಯ ಬೇಕು ಎಂದರು. ಅಲ್ಲಿಯವರೆಗೆ ಈ ಸಾಲು ಹಾಕಿದ್ದೇನೆ:

‘ಎಚ್ಚರಿಕೆ: ಗುಡಿಸಿದರೆ ಏಜೆಂಟಿನೊಂದಿಗೆ ನೀವು ಆಡಿದ ಹಳೆಯ ಮಾತೆಲ್ಲ ಹೋಗುತ್ತದೆ. ಮತ್ತೆ ಸಿಗುವುದಿಲ್ಲ. ಮೊದಲು ಬೇರೆ ಕಡೆ ನಕಲು ಇಟ್ಟುಕೊಳ್ಳಿ.’

ಹೊಸ ನಾಲ್ಕನೇ ಪುಟ ಇದರ ಜೊತೆಗಿದೆ. ಹಳೆಯದನ್ನು ಹರಿದುಹಾಕಿ ಇದನ್ನು ಸೇರಿಸಿಕೊಳ್ಳಿ. ಇನ್ನು ಮುಂದೆಯೂ ಹೀಗೇ ಮಾಡೋಣ, ಬದಲಿ ಹಾಳೆ ಬಂದರೆ ಹಳೆಯದು ಉಳಿಯಬಾರದು. ಎರಡೂ ಇದ್ದರೆ ಯಾವುದು ಸರಿ ಎಂದು ಗೊಂದಲವಾಗುತ್ತದೆ.

ಗಿಡ್ಡ ಮಾಮನ ಉಸಿರು ಹೇಗಿದೆ? ನಿಜ ಬರೆಯಿರಿ.

ನಿಮ್ಮ ಗುಬ್ಬಿ


ಮಾರ್ಚ್ 3

ಗುಬ್ಬಿ,

ಗಿಡ್ಡ ಹೋದ. ಭಾನುವಾರ ಬೆಳಿಗ್ಗೆ. ಶನಿವಾರ ಕುರ್ಚಿಯಿಂದ ಏಳುವಾಗ, “ಬ್ರೇಕಿನ ವಿಷಯ ಒಂದು ಬಾಕಿ ಇದೆ, ನಾಳೆ ಹೇಳ್ತೀನಿ” ಅಂದಿದ್ದ.

ಅವನು ಹೇಳಿದ್ದನ್ನು ಪ್ರೋಗ್ರಾಮಿಗೆ ಸೇರಿಸಬೇಕು. ತೆರೆಯಲು ಮನಸ್ಸು ಬರುತ್ತಿಲ್ಲ. ಅವನ ಬೈಗುಳವೂ ಅದರಲ್ಲೇ ಇದೆ.

ಸ್ವಲ್ಪ ದಿನ ಹಾಳೆ ಕಳಿಸಬೇಡ.

ದೊಡ್ಡಪ್ಪ


ಏಪ್ರಿಲ್ 14

ದೊಡ್ಡಪ್ಪಾ,

ನಿಮಗೇ ಮೊದಲು ತಿಳಿಸುತ್ತಿದ್ದೇನೆ, ಅಪ್ಪನಿಗೂ ಇನ್ನೂ ಹೇಳಿಲ್ಲ. ನನ್ನ ಕೆಲಸ ಖಾಯಂ ಆಯಿತು! ನಿನ್ನೆ ಮೇಲಿನವರು ಕರೆದು ಕೈಕುಲುಕಿದರು. ಕೈಪಿಡಿ ಓದಲು ತುಂಬ ಸಲೀಸಾಗಿದೆ ಎಂದರು. ಅದರಲ್ಲಿ ಅರ್ಧ ನಿಮ್ಮದು.

ಪೊರಕೆ ಮುಂದಿನ ತಿಂಗಳು ಎಲ್ಲರಿಗೂ ಸಿಗುತ್ತದೆ. ಅದಕ್ಕೆ ಮೊದಲು ನೀವೊಮ್ಮೆ ಮೊದಲಿನಿಂದ ಕೊನೆಯವರೆಗೆ, ‘ಪೊರಕೆ ನೋಡು’ ಅಷ್ಟಕ್ಕೇ ನಿಲ್ಲಿಸದೆ, ನಿಜವಾಗಿಯೂ ಗುಡಿಸಿ ನೋಡಬೇಕು. ನಿಮ್ಮ ಯಂತ್ರ ತುಂಬಿಹೋಗಿದೆ, ತೆವಳುತ್ತಿದೆ ಎಂದು ಅಪ್ಪ ಹೇಳುತ್ತಿದ್ದರು. ಒಂದೇ ಏಟಿಗೆ ಎರಡೂ ಆಗುತ್ತದೆ.

ನಾಲ್ಕನೇ ಪುಟಕ್ಕೆ ಇನ್ನೊಂದು ಬದಲಿ ಹಾಳೆ ಇಟ್ಟಿದ್ದೇನೆ. ಸ್ವಲ್ಪ ಚೊಕ್ಕ ಮಾಡಿದ್ದೇವೆ, ಅಷ್ಟೇ. ಹಳೆಯದನ್ನು ಹರಿದುಹಾಕಿ.

ಹೊಟ್ಟೆತುಂಬ ಉಣ್ಣುತ್ತಿದ್ದೀರಾ? ಒಬ್ಬರೇ ಕೂತಿರಬೇಡಿ.

ನಿಮ್ಮ ಗುಬ್ಬಿ


ಏಪ್ರಿಲ್ 27

ಗುಬ್ಬಿ,

ಕೆಲಸ ಖಾಯಂ ಆದದ್ದಕ್ಕೆ ಎಷ್ಟು ಹಿಗ್ಗಿದೆ ಅಂದರೆ ಮೇಲಿನ ಮನೆಯ ಟೀಚರಮ್ಮನಿಗೂ ಹೇಳಿಬಂದೆ. ಆಯಮ್ಮನಿಗೆ ನಾನು ಮಾತಾಡಿಸಿದ್ದೇ ಆಶ್ಚರ್ಯ.

ನೀನು ಹೇಳಿದಂತೆ ಮಾಡಿದೆ. ಹಳೆ ನಾಲ್ಕನೇ ಪುಟ ಹರಿದೆ, ಹೊಸದನ್ನು ಸೇರಿಸಿದೆ, ಕಾಗದ ಎದುರಿಗಿಟ್ಟುಕೊಂಡು ಬೆರಳಿಟ್ಟು ಓದುತ್ತಾ ಒಂದೊಂದೇ ಸಾಲು ಮಾಡಿದೆ. ನಾಲ್ಕನೇ ಪುಟದಲ್ಲಿ ಎಚ್ಚರಿಕೆ ಇರಲಿಲ್ಲ. ‘ಗುಡಿಸುವುದು ಸಂಪೂರ್ಣ ಸುರಕ್ಷಿತ, ಬೇಕಾದದ್ದು ತಾನಾಗಿ ಮರಳಿ ಬರುತ್ತದೆ’ ಅಂತ ಇತ್ತು. ಓಹೋ, ಮಾತುಕತೆಯನ್ನು ಬೇರೆ ಜಾಗಕ್ಕೆ ಸಾಗಿಸಿದ್ದಾರೆ, ಅದಕ್ಕೇ ಸಾಲು ತೆಗೆದಿದ್ದಾರೆ ಅಂದುಕೊಂಡೆ. ಗುಡಿಸು ಅಂದೆ. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಯಿತು. ಯಂತ್ರ ಹಗುರಾಯಿತು. ಇವತ್ತಾದರೂ ಗಿಡ್ಡನ ಸದ್ದುಗಳನ್ನು ಸೇರಿಸಲು ಕೂರೋಣ ಅಂತ ಧೈರ್ಯ ಮಾಡಿ ಏಜೆಂಟನ್ನು ತೆರೆದೆ.

ಅದು ಹೇಳಿತು: ‘ನಮಸ್ಕಾರ! ನಾವು ಮಾತಾಡುತ್ತಿರುವುದು ಇದೇ ಮೊದಲು. ಏನು ಸಹಾಯ ಮಾಡಲಿ?’

ನಾನು ಏಳು ಸಲ ಕೇಳಿದೆ. ಬೇರೆ ಬೇರೆ ಥರ ಕೇಳಿದೆ. ಪಾಪ, ಮರ್ಯಾದೆಯಿಂದಲೇ ಉತ್ತರ ಕೊಟ್ಟಿತು. ಅದಕ್ಕೆ ಗಿಡ್ಡ ಯಾರು ಅಂತ ಗೊತ್ತಿಲ್ಲ.

ನನ್ನಿಂದಲೇ ಎಲ್ಲೋ ತಪ್ಪಾಗಿರಬೇಕು. ಕಣ್ಣು ಮಂಜಾಗಿದೆ, ಒಂದು ಸಾಲು ಹಾರಿಸಿದೆನೋ ಏನೋ. ನಾಲ್ಕನೇ ಪುಟ ಮತ್ತೆ ಮತ್ತೆ ಓದಿದೆ. ಎಲ್ಲಿ ತಪ್ಪಿದೆ ಅಂತ ನೀನೇ ನೋಡಿ ಹೇಳು. ಮಾತುಕತೆ ಈಗ ಯಾವ ಜಾಗದಲ್ಲಿದೆ? ಬೇಗ ಬರೆ.

ನಿನ್ನ ದೊಡ್ಡಪ್ಪ


ಮೇ 4

ದೊಡ್ಡಪ್ಪಾ,

ಮೊದಲು ಯಂತ್ರ ಆರಿಸಿ. ಅದರಲ್ಲಿ ಏನನ್ನೂ ಬರೆಯಬೇಡಿ, ಉಳಿಸಬೇಡಿ. ಡಿಸ್ಕಿನಿಂದ ಅಳಿಸಿದ್ದನ್ನು ಎತ್ತಿಕೊಡುವವರು ಇರುತ್ತಾರೆ, ನಿಮ್ಮ ಊರಿನ ಅಂಥ ಅಂಗಡಿಯ ವಿಳಾಸ ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಇವತ್ತೇ ಒಯ್ಯಿರಿ.

ನೀವು ಯಾವ ಸಾಲನ್ನೂ ಹಾರಿಸಿಲ್ಲ.

ಸಾಗಿಸುವ ಕೆಲಸ ಆಗಿರಲಿಲ್ಲ. ಆ ಎಚ್ಚರಿಕೆ ಓದಿದವರಲ್ಲಿ ಅರ್ಧ ಜನ ಅಲ್ಲೇ ನಿಂತುಬಿಡುತ್ತಾರೆ, ಪೊರಕೆ ಮುಟ್ಟುವುದಿಲ್ಲ, ಆ ಸಾಲು ತೆಗೆಯಿರಿ ಎಂದು ಮೇಲಿನವರು ಹೇಳಿದರು. ಹೇಗೂ ಮುಂದಿನ ಆವೃತ್ತಿಯಲ್ಲಿ ಸರಿಮಾಡುತ್ತೇವಲ್ಲ ಎಂದರು. ನಾನು ಒಂದು ದಿನ ವಾದ ಮಾಡಿದೆ. ಎರಡನೇ ದಿನ ತೆಗೆದೆ. ‘ಸಂಪೂರ್ಣ ಸುರಕ್ಷಿತ’ ಎನ್ನುವ ಮಾತೂ ನಾನೇ ಬರೆದದ್ದು.

ಆದರೆ ನಿಮಗೆ ಗೊತ್ತಿತ್ತಲ್ಲ ದೊಡ್ಡಪ್ಪಾ! ಆ ಸಾಲು ಬೇಕೆಂದು ಹಟ ಹಿಡಿದವರೇ ನೀವು. ಫೆಬ್ರವರಿಯಲ್ಲೇ ನೀವು ನಕಲು ಇಟ್ಟುಕೊಂಡಿರುತ್ತೀರಿ ಎಂದುಕೊಂಡೆ. ಲೋಕದಲ್ಲಿ ಯಾರಿಗೆ ಏನಾದರೂ ನಿಮಗಂತೂ ಏನೂ ಆಗದು ಎಂಬ ಧೈರ್ಯದಲ್ಲಿದ್ದೆ. ಪತ್ರದಲ್ಲಿ ಬರೆಯಬೇಕಿತ್ತು. ಬರೆದರೆ ನೀವು ಬೈಯುತ್ತೀರಿ ಎಂದು ಬರೆಯಲಿಲ್ಲ. ಖಾಯಂ ಆದ ಸುದ್ದಿಯ ದಿನ ನಿಮ್ಮಿಂದ ಬೈಸಿಕೊಳ್ಳಲು ಇಷ್ಟವಿರಲಿಲ್ಲ.

ದಯವಿಟ್ಟು ಅಂಗಡಿಯವರು ಏನೆಂದರು ತಿಳಿಸಿ.

ಗುಬ್ಬಿ


ಮೇ 15

ನಾಲ್ಕನೇ ಪುಟ ಬರೆದವರಿಗೆ,

ಅಂಗಡಿಗೆ ಒಯ್ದೆ. ಅಲ್ಲಿಯ ಹೆಂಗಸು ನಾಲ್ಕು ದಿನ ಇಟ್ಟುಕೊಂಡು ನೋಡಿದಳು. “ಅಳಿಸಿದ ಮೇಲೂ ಒಂದು ವಾರ ಮಿಷನ್ನು ಓಡಿಸಿದ್ದೀರಲ್ಲ ಅಜ್ಜಾ, ಅದರ ಮೇಲೆ ಹೊಸದು ಕೂತುಬಿಟ್ಟಿದೆ” ಅಂದಳು. ಓಡಿಸದೆ ಏನು ಮಾಡಲಿ? ನಿನ್ನ ಉತ್ತರ ಬರುವವರೆಗೆ ದಿನಾ ಅದರೊಳಗೆ ಗಿಡ್ಡನನ್ನು ಹುಡುಕುತ್ತಿದ್ದೆ. ಸಿಕ್ಕಿದ್ದು ಮುರುಕು ಸಾಲು ಮೂರು. ಒಂದರಲ್ಲಿ ‘ಬರ್ಕೊಂಡ್ಯಾ’ ಅಂತ ಇದೆ.

ನನಗೆ ಗೊತ್ತಿತ್ತು ಅನ್ನುತ್ತೀಯ. ಹೌದು, ಗೊತ್ತಿತ್ತು. ನಕಲು ಯಾಕೆ ಇಡಲಿಲ್ಲ ಅಂತ ಕೇಳು. ಫೆಬ್ರವರಿಯಲ್ಲಿ ನಾನು ಗುಡಿಸುವವನಿರಲಿಲ್ಲ, ಆದ್ದರಿಂದ ಇಡಲಿಲ್ಲ. ಮಾರ್ಚಿನಲ್ಲಿ ಆ ಫೋಲ್ಡರು ಮುಟ್ಟುವ ಶಕ್ತಿ ಇರಲಿಲ್ಲ. ಏಪ್ರಿಲಿನಲ್ಲಿ ನಿನ್ನ ಕಾಗದ ಇಡು ಅನ್ನಲಿಲ್ಲ. ಗೊತ್ತಿರುವುದನ್ನು ಮರೆತು ಓದಿ, ನಿಮ್ಮ ಬುದ್ಧಿ ಸೇರಿಸಬೇಡಿ ಅಂದವಳು ನೀನು. ನನ್ನ ಜನ್ಮದಲ್ಲಿ ನಾನು ಇನ್ನೊಬ್ಬರ ಮಾತಿಗೆ ನನ್ನ ಬುದ್ಧಿ ಬಿಟ್ಟುಕೊಟ್ಟದ್ದು ಅದೊಂದೇ ಸಲ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಲಿಫ್ಟಿನ ಹಳ್ಳಕ್ಕೆ ಆಳು ಇಳಿಯುವ ಮೊದಲು ಮೇನ್ ಸ್ವಿಚ್ಚು ತೆಗೆದು ಅದಕ್ಕೆ ‘ಮುಟ್ಟಬೇಡಿ’ ಅಂತ ಬೋರ್ಡು ಕಟ್ಟುತ್ತೇವೆ. ಕಟ್ಟಿದವನೇ ಬಿಚ್ಚಬೇಕು. ಮಾಲೀಕ ಬಂದು ಕೂಗಾಡಲಿ, ಮಂತ್ರಿ ಬಂದು ಕಾಯಲಿ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಗಿಡ್ಡ ಕಟ್ಟಿದ ಬೋರ್ಡನ್ನು ಗಿಡ್ಡನೇ ಬಿಚ್ಚಿದ್ದಾನೆ ಅಂತ ಕಂಡರೆ ನಾನು ಒಂದು ಮಾತೂ ಕೇಳದೆ ಸ್ವಿಚ್ಚು ಹಾಕುತ್ತಿದ್ದೆ. ಒಳಗೆ ಯಾರೂ ಇಲ್ಲ ಅಂತಲೇ ಅದರ ಅರ್ಥ. ಮೂವತ್ತೊಂದು ವರ್ಷ ಇಬ್ಬರೂ ಬದುಕಿದ್ದು ಹಾಗೆ.

ನೀನು ಕಟ್ಟಿದ ಬೋರ್ಡನ್ನು ನೀನೇ ಬಿಚ್ಚಿದೆ. ನಾನು ಸ್ವಿಚ್ಚು ಹಾಕಿದೆ. ಒಳಗೆ ಗಿಡ್ಡ ಇದ್ದ.

ಮೇಲಿನವರು ಹೇಳಿದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ನನಗೆ ಯಾರು? ನಿನ್ನ ಪತ್ರ ಇನ್ನೊಮ್ಮೆ ತೆಗೆದು ನೋಡಿದೆ. ‘ಸ್ವಲ್ಪ ಚೊಕ್ಕ ಮಾಡಿದ್ದೇವೆ, ಅಷ್ಟೇ.’ ಅದರ ಕೆಳಗೇ ‘ಹೊಟ್ಟೆತುಂಬ ಉಣ್ಣುತ್ತಿದ್ದೀರಾ?’ ಒಂದೇ ಪೆನ್ನು, ಒಂದೇ ಕೈ. ಈಗ ನನಗೆ ಎರಡನೆಯ ಸಾಲನ್ನೂ ನಂಬುವುದಕ್ಕೆ ಆಗುತ್ತಿಲ್ಲ. ನೀನು ಕೆಡಿಸಿದ್ದು ಅದನ್ನು.

ಉಳಿದ ಹತ್ತು ಹಾಳೆ ವಾಪಸು ಕಳಿಸಿದ್ದೇನೆ. ನಾಲ್ಕನೆಯದು ನನ್ನ ಹತ್ತಿರ ಇರಲಿ.

ಲಿಫ್ಟು ಮೆಕ್ಯಾನಿಕ್


ಆಗಸ್ಟ್ 2

ದೊಡ್ಡಪ್ಪಾ,

ಇದು ನಾಲ್ಕನೆಯ ಪತ್ರ. ಹಿಂದಿನ ಮೂರನ್ನು ನೀವು ಒಡೆದೇ ಇಲ್ಲ, ಗೂಡಿನಲ್ಲಿ ಹಾಗೇ ಇಟ್ಟಿದ್ದೀರಿ ಎಂದು ಅಪ್ಪ ಹೇಳಿದರು. ಆದ್ದರಿಂದ ಇದನ್ನು ಲಕೋಟೆಯಲ್ಲಿ ಹಾಕದೆ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಅಂಚೆಯವರೂ ಓದಲಿ.

ಆ ಎಚ್ಚರಿಕೆಯ ಸಾಲನ್ನು ಮತ್ತೆ ಹಾಕಿದೆ. ನಾಲ್ಕನೇ ಪುಟದಲ್ಲಲ್ಲ, ಮೊದಲನೇ ಪುಟದಲ್ಲಿ. ಯಾರನ್ನೂ ಕೇಳದೆ ಹಾಕಿದೆ. ಮೇಲಿನವರು ಕರೆಸಿದರು. ತೆಗೆಯುವುದಿಲ್ಲ ಎಂದೆ. ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದ್ದಾರೆ, ಸಾಲು ಮಾತ್ರ ಉಳಿದಿದೆ. ಹೋದ ತಿಂಗಳು ಮಾತುಕತೆಯನ್ನೂ ಬೇರೆ ಜಾಗಕ್ಕೆ ಸಾಗಿಸಿದರು. ಇದನ್ನೆಲ್ಲ ಹೇಳಿ ಕ್ಷಮೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಏಪ್ರಿಲಿನಲ್ಲಿ ಮಾಡಬೇಕಿದ್ದುದನ್ನು ಆಗಸ್ಟಿನಲ್ಲಿ ಮಾಡಿದರೆ ಅದು ನಿಮಗೆ ಯಾವ ಲೆಕ್ಕ?

ನನಗೆ ಎರಡು ವಾರ ರಜೆ ಇದೆ. ನಿಮಗೆ ನೆನಪಿರುವುದನ್ನು ಹೇಳಿ, ನಾನು ಬರೆಯುತ್ತೇನೆ. ಬರಲೇ?

ಗುಬ್ಬಿ


ಆಗಸ್ಟ್ 19

ತಮ್ಮನ ಮಗಳಿಗೆ,

ಕಾರ್ಡು ಬಂತು. ಅಂಚೆಯವನು ಓದಿದ್ದಾನೆ, “ಏನಂತೆ ಸಾರ್, ಬರ್ಲಿ ಬಿಡಿ ಪಾಪ” ಅಂದ. ನಿನ್ನ ಕೆಲಸ ನೀನು ನೋಡಿಕೋ ಅಂದೆ.

ಹೋದ ವಾರ ಆಸ್ಪತ್ರೆಯ ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತಿತು. ಈಗ ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಹುಡುಗಿ ನನ್ನನ್ನು ಕರೆಸಿದಳು. ಒಳಗಿದ್ದ ಇಬ್ಬರನ್ನು ಕೈಯಲ್ಲಿ ಚಕ್ರ ತಿರುಗಿಸಿ ಇಳಿಸಿದೆವು. ಆಮೇಲೆ ಪೆಟ್ಟಿಗೆಯ ಎದುರು ನಿಂತೆ. ಟಕ್, ಟಟಕ್, ತಡೆದು ಟಕ್. ಎಷ್ಟು ತಡೆದು? ಒಂದು ಉಸಿರೇ, ಎರಡೇ? ಒಂದಾದರೆ ಒಂದು ರಿಲೇ, ಎರಡಾದರೆ ಇನ್ನೊಂದು. ಯಾವುದು ಯಾವುದಕ್ಕೆ ಅಂತ ಗಿಡ್ಡ ಹೇಳಿದ್ದ. ಈ ಕೈಯಲ್ಲೇ ಟೈಪು ಮಾಡಿದ್ದೆ. ನೆನಪಾಗಲಿಲ್ಲ. ಮೂರು ಗಂಟೆ ಒಂದೊಂದೇ ಬಿಚ್ಚಿ ನೋಡಿದೆವು. ಅಷ್ಟರಲ್ಲಿ ಒಬ್ಬ ಮುದುಕಿಯನ್ನು ನಾಲ್ಕು ಜನ ಸ್ಟ್ರೆಚರಿನಲ್ಲಿ ಮೆಟ್ಟಿಲಿಳಿಸಿದರು. ತಿರುವಿನಲ್ಲಿ ಆಯಮ್ಮ ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡಲೇ ಇಲ್ಲ. ಅವರು ಬೆರಳು ಬಿಡಿಸುವುದನ್ನು ನಾನು ನಿಂತು ನೋಡಿದೆ.

ಆದ್ದರಿಂದ ಬಾ. ನಿನ್ನ ಮೇಲಿನ ಸಿಟ್ಟು ಇಳಿದು ಕರೆಯುತ್ತಿಲ್ಲ. ನನಗೆ ಎಪ್ಪತ್ತೆರಡು, ಒಂದು ಬೆರಳಲ್ಲಿ ಬರೆದು ಮುಗಿಸಲಾರೆ, ನಿನಗೆ ಹತ್ತು ಬೆರಳಿವೆ.

ಕೆಲಸ ಹೀಗೆ. ನನಗೆ ಗೊತ್ತಿರುವ ದೋಷಗಳನ್ನು ಹೇಳುತ್ತೇನೆ, ನೀನು ಬರೆದು ಓದಿ ಹೇಳಬೇಕು, ನಾನು ಹೂಂ ಅಂದ ಮೇಲೆ ಮುಂದಿನದು. ದಿನದ ಕೊನೆಗೆ ಎರಡು ನಕಲು, ಎರಡೂ ನನ್ನ ಕೈಗೆ. ಗಿಡ್ಡ ಹೇಳಿದ ದೋಷಗಳ ಜಾಗ ಬಂದಾಗ ನೀನು ಏನನ್ನೂ ಊಹಿಸಿ ತುಂಬಬಾರದು, ಏಜೆಂಟಿನ ಕೈಯಲ್ಲೂ ತುಂಬಿಸಬಾರದು. ಆ ಜಾಗ ಖಾಲಿ ಇರಲಿ. ಪ್ರತಿ ಖಾಲಿ ಜಾಗದಲ್ಲೂ, ತೆರೆದವರಿಗೆ ಕಾಣುವ ಹಾಗೆ, ನೀನು ಹೀಗೆ ಬರೆಯಬೇಕು: ‘ಇದರ ಉತ್ತರ ಒಬ್ಬ ಮೆಕ್ಯಾನಿಕ್ ಹೇಳಿದ್ದ. ಎಚ್ಚರಿಕೆಯ ಸಾಲನ್ನು ನಾನು ತೆಗೆದದ್ದರಿಂದ ಹೋಯಿತು.’ ಕೆಳಗೆ ನಿನ್ನ ಪೂರ್ತಿ ಹೆಸರು. ಇಂಥ ಜಾಗ ನಲವತ್ತಕ್ಕೂ ಹೆಚ್ಚಿವೆ. ಒಂದನ್ನು ಬರೆದು ಮಿಕ್ಕವಕ್ಕೆ ಅಂಟಿಸುವ ಹಾಗಿಲ್ಲ. ಪ್ರತಿ ಸಲ ಮೊದಲಿನಿಂದ ಟೈಪು ಮಾಡಬೇಕು. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಇದಕ್ಕೆ ಒಪ್ಪಿದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಾ. ಬರುವಾಗ ಊಟ ಮುಗಿಸಿಕೊಂಡು ಬಾ.

ಲಿಫ್ಟು ಮೆಕ್ಯಾನಿಕ್